ಡೆವಲಪರ್‌ಗಳೇ ಟಿಕೆಟ್ ಕ್ಲೋಸ್ ಮಾಡದ ಹಾಗೆ ರೆಡ್‌ಮೈನ್‌ನಲ್ಲಿ ತಡೆಯೋದು ಹೇಗೆ?

ಗುಡ್ಡದಮೇಲೆ

ಎಲ್ಲರಿಗೂ ನಮಸ್ಕಾರ. ನಮ್ಮದು ಮೈಸೂರಿನ ಒಂದು ಚಿಕ್ಕ ಸಾಫ್ಟ್‌ವೇರ್ ಕಂಪನಿ. ಡೆವಲಪರ್‌ಗಳು ಒಂಬತ್ತು ಜನ, ಟೆಸ್ಟಿಂಗ್‌ಗೆ ನಾವಿಬ್ಬರು, ಮೇಲೊಬ್ಬ ಮ್ಯಾನೇಜರ್. ಟಿಕೆಟ್‌ಗಳೆಲ್ಲ (ಒಂದೊಂದು ಬಗ್ ಅಥವಾ ಕೆಲಸದ ದಾಖಲೆ) ರೆಡ್‌ಮೈನ್‌ನಲ್ಲಿ, ಅಂದರೆ ಅವುಗಳ ಲೆಕ್ಕ ಇಡುವ ಸಾಫ್ಟ್‌ವೇರ್‌ನಲ್ಲಿ; ಅದು ನಮ್ಮದೇ ಸರ್ವರ್ ಮೇಲೆ ಓಡುತ್ತಿದೆ. ಹಿಂದೆ ಇದ್ದವರು ಯಾರೋ ಇನ್‌ಸ್ಟಾಲ್ ಮಾಡಿ ಹೋಗಿದ್ದಾರೆ, ಆಮೇಲೆ ಯಾರೂ ಅದರ ಸೆಟ್ಟಿಂಗ್ ಕಡೆ ತಲೆ ಹಾಕಿಲ್ಲ. ಈಗ ಅಡ್ಮಿನ್ ಪಾಸ್‌ವರ್ಡ್ ನನ್ನ ಕೈಗೆ ಬಂದಿದೆ, ಅಂದರೆ ತಲೆನೋವೂ ನನ್ನದೇ.

ಸಮಸ್ಯೆ ಇಷ್ಟೆ. ಡೆವಲಪರ್ ಬಗ್ ಸರಿ ಮಾಡಿದ ಕೂಡಲೇ ತಾನೇ ಕ್ಲೋಸ್ಡ್ ಅಂತ ಹಾಕಿಬಿಡುತ್ತಾನೆ. ರಿಸಾಲ್ವ್ಡ್‌ಗೆ (ಸರಿ ಮಾಡಿದ್ದಾಯಿತು, ಇನ್ನು ಪರೀಕ್ಷಿಸಬೇಕು ಅನ್ನುವ ಸ್ಟೇಟಸ್) ಹಾಕಿದರೆ ತಾನೇ ನಮಗೆ ಗೊತ್ತಾಗೋದು ಇದನ್ನು ನೋಡಬೇಕು ಅಂತ? ಕ್ಲೋಸ್ಡ್ ಆದದ್ದು ನಮ್ಮ ಪಟ್ಟಿಯಿಂದಲೇ ಮಾಯ, ಯಾಕೆಂದರೆ ಪಟ್ಟಿ ತೆರೆದರೆ ಓಪನ್ ಇರೋದು ಮಾತ್ರ ಕಾಣಿಸುತ್ತದೆ. ಮೊನ್ನೆ ಒಂದು ಬಗ್ ಇತ್ತು: ಇನ್‌ವಾಯ್ಸ್ ಪಿಡಿಎಫ್‌ನಲ್ಲಿ ರೂಪಾಯಿ ಚಿಹ್ನೆ ಬರಬೇಕಾದ ಜಾಗದಲ್ಲಿ ಖಾಲಿ ಚೌಕ ಬರುತ್ತಿತ್ತು. ನಮ್ಮ ಹುಡುಗ ಕೋಡ್‌ನಲ್ಲಿ ಫಾಂಟ್ ಬದಲಾಯಿಸಿದ, ತನ್ನ ಲ್ಯಾಪ್‌ಟಾಪ್‌ನಲ್ಲಿ ನೋಡಿದ, ಚಿಹ್ನೆ ಚೆನ್ನಾಗಿ ಬಂತು, ಕ್ಲೋಸ್ ಮಾಡಿ ಊಟಕ್ಕೆ ಹೋದ. ಆದರೆ ಆ ಫಾಂಟ್ ಇದ್ದದ್ದು ಅವನ ಲ್ಯಾಪ್‌ಟಾಪ್‌ನಲ್ಲಿ, ಸರ್ವರ್‌ನಲ್ಲಿ ಇರಲೇ ಇಲ್ಲ. ಕ್ಲೈಂಟ್ ಕಡೆಯ ಅಕೌಂಟೆಂಟ್ ಚೌಕ ಇರುವ ಬಿಲ್‌ಗಳನ್ನೇ ಗ್ರಾಹಕರಿಗೆ ಕಳಿಸಿದ್ದಾರೆ. ಬೈಗುಳ ತಿಂದಿದ್ದು ಯಾರು? ಟೆಸ್ಟಿಂಗ್‌ನವರು!

ಮೀಟಿಂಗ್‌ನಲ್ಲಿ ಹೇಳಿದ್ದಾಯಿತು, ಮೇಲ್ ಹಾಕಿದ್ದಾಯಿತು. ಎರಡು ದಿನ ನೆನಪಿರುತ್ತದೆ, ಮೂರನೇ ದಿನ ಮತ್ತೆ ಅದೇ ರಾಗ. ಮ್ಯಾನೇಜರ್ ಸಿಟ್ಟಿನಲ್ಲಿ ಡೆವಲಪರ್ ರೋಲ್‌ನಿಂದ (ರೋಲ್ ಅಂದರೆ ಯೂಸರ್‌ಗೆ ಕೊಡುವ ಹಕ್ಕುಗಳ ಗುಂಪು) ‘ಎಡಿಟ್ ಇಶ್ಯೂಸ್’ ಪರ್ಮಿಷನ್ನೇ ತೆಗೆಸಿದರು. ಆಗ ಅವರಿಗೆ ಟಿಕೆಟ್‌ನ ವಿವರಣೆ ತಿದ್ದೋಕೂ ಆಗದೆ ಗಲಾಟೆಯಾಗಿ ವಾಪಸ್ ಹಾಕಿಸಿದರು.

ನನಗೆ ಬೇಕಿರೋದು: ಡೆವಲಪರ್ ರಿಸಾಲ್ವ್ಡ್‌ವರೆಗೆ ಮಾತ್ರ ತಗೊಂಡು ಹೋಗಬೇಕು. ಅಲ್ಲಿಂದ ಕ್ಲೋಸ್ಡ್‌ಗೆ ಹಾಕೋದು ಅಥವಾ ಫೀಡ್‌ಬ್ಯಾಕ್ ಅಂತ ವಾಪಸ್ ಕಳಿಸೋದು ನಾವು. ಮ್ಯಾನೇಜರ್ ಏನು ಬೇಕಾದರೂ ಮಾಡಬಹುದು. ಪ್ಲಗಿನ್ (ಹೊರಗಿನಿಂದ ಸೇರಿಸುವ ಹೆಚ್ಚುವರಿ ಸಾಫ್ಟ್‌ವೇರ್) ಇಲ್ಲದೆ ಆಗುತ್ತದಾ? ಸರ್ವರ್ ನೋಡಿಕೊಳ್ಳುವವರು ಪ್ಲಗಿನ್ ಅಂದರೆ ಮುಖ ಸಿಂಡರಿಸುತ್ತಾರೆ.

ಬಿಸಿಬೇಳೆ

ಪ್ಲಗಿನ್ ಬೇಡವೇ ಬೇಡ, ಇದು ರೆಡ್‌ಮೈನ್ ಒಳಗೇ ಇರುವ ವಿಷಯ. ನಿಮ್ಮ ಮ್ಯಾನೇಜರ್ ಹುಡುಕಿದ ಜಾಗ ಬೇರೆ, ಅಷ್ಟೆ. ‘ರೋಲ್ಸ್ ಅಂಡ್ ಪರ್ಮಿಷನ್ಸ್’ ಪುಟದಲ್ಲಿ ಟಿಕೆಟ್ ತಿದ್ದಬಹುದಾ ಬೇಡವಾ ಅಂತ ಇರುತ್ತದೆಯೇ ಹೊರತು ಯಾವ ಸ್ಟೇಟಸ್‌ನಿಂದ ಯಾವುದಕ್ಕೆ ಹೋಗಬಹುದು ಅನ್ನೋದು ಇರಲ್ಲ. ಅದಕ್ಕೆ ಅಡ್ಮಿನಿಸ್ಟ್ರೇಷನ್‌ಗೆ ಹೋಗಿ ‘ವರ್ಕ್‌ಫ್ಲೋ’ ಒತ್ತಿ.

ಅಲ್ಲಿ ಒಂದು ರೋಲ್, ಒಂದು ಟ್ರ್ಯಾಕರ್ (ಟಿಕೆಟ್‌ನ ಬಗೆ) ಆರಿಸಿ ಎಡಿಟ್ ಕೊಟ್ಟರೆ ದೊಡ್ಡ ಟೇಬಲ್ ಬರುತ್ತದೆ. ಎಡಗಡೆ ಸಾಲುಗಳಲ್ಲಿ ಈಗಿನ ಸ್ಟೇಟಸ್, ಮೇಲೆ ಅಡ್ಡಕ್ಕೆ ಮುಂದೆ ಹೋಗಬಹುದಾದ ಸ್ಟೇಟಸ್. ಎರಡೂ ಸೇರುವ ಮನೆಯಲ್ಲಿ ಟಿಕ್ ಇದ್ದರೆ ಆ ರೋಲ್‌ನವರಿಗೆ ಆ ದಾರಿ ಉಂಟು. ಟಿಕ್ ತೆಗೆದರೆ ಅವರ ಡ್ರಾಪ್‌ಡೌನ್‌ನಲ್ಲಿ ಆ ಸ್ಟೇಟಸ್ ಕಾಣಿಸುವುದೇ ಇಲ್ಲ. ಬೇಡ ಅನ್ನುವ ಎರರ್ ಮೆಸೇಜೂ ಬರಲ್ಲ, ಸುಮ್ನೆ ಆ ಆಯ್ಕೆಯೇ ಇರಲ್ಲ.

ನಿಮ್ಮಲ್ಲಿ ಎಲ್ಲರೂ ಯಾಕೆ ಕ್ಲೋಸ್ ಮಾಡುತ್ತಿದ್ದಾರೆ ಅಂದರೆ, ಇನ್‌ಸ್ಟಾಲ್ ಮಾಡಿದವರು ‘ಡೀಫಾಲ್ಟ್ ಕಾನ್ಫಿಗರೇಷನ್’ ಲೋಡ್ ಮಾಡಿ ಹಾಗೇ ಬಿಟ್ಟಿದ್ದಾರೆ. ಅದರಲ್ಲಿ ಮ್ಯಾನೇಜರ್, ಡೆವಲಪರ್, ರಿಪೋರ್ಟರ್ ಅಂತ ಮೂರು ರೋಲ್, ಬಗ್, ಫೀಚರ್, ಸಪೋರ್ಟ್ ಅಂತ ಮೂರು ಟ್ರ್ಯಾಕರ್ ಬರುತ್ತವೆ. ಮ್ಯಾನೇಜರ್‌ಗೆ ಎಲ್ಲಾ ದಾರಿ ತೆರೆದಿರುತ್ತದೆ, ಸರಿ. ಆದರೆ ಡೆವಲಪರ್‌ಗೂ, ರಿಪೋರ್ಟರ್‌ಗೂ ಕ್ಲೋಸ್ಡ್‌ಗೆ ಹೋಗುವ ಟಿಕ್ ಮೊದಲೇ ಬಿದ್ದಿರುತ್ತದೆ. ಅಂದರೆ ನಿಮ್ಮ ಹುಡುಗರು ನಿಯಮ ಮುರಿಯುತ್ತಿಲ್ಲ ಪಾಪ, ಟೂಲ್ ಕೊಟ್ಟಿದ್ದನ್ನೇ ಬಳಸುತ್ತಿದ್ದಾರೆ.

ಹೀಗೆ ಮಾಡಿ. ಮೊದಲು ‘ಟೆಸ್ಟರ್’ ಅಂತ ಹೊಸ ರೋಲ್ ಮಾಡಿ. ಮಾಡುವಾಗಲೇ ಇನ್ನೊಂದು ರೋಲ್‌ನ ವರ್ಕ್‌ಫ್ಲೋ ಕಾಪಿ ಮಾಡಬೇಕಾ ಅಂತ ಕೇಳುತ್ತದೆ, ಡೆವಲಪರ್‌ನದ್ದು ಕೊಡಿ, ಆಮೇಲೆ ತಿದ್ದಬಹುದು. ಟೆಸ್ಟರ್‌ಗೆ ರಿಸಾಲ್ವ್ಡ್‌ನಿಂದ ಕ್ಲೋಸ್ಡ್, ರಿಸಾಲ್ವ್ಡ್‌ನಿಂದ ಫೀಡ್‌ಬ್ಯಾಕ್, ಮತ್ತೆ ಕ್ಲೋಸ್ಡ್‌ನಿಂದ ಫೀಡ್‌ಬ್ಯಾಕ್ ಇರಲಿ. ಕೊನೆಯದು ಮರೆಯಬೇಡಿ, ಕ್ಲೋಸ್ ಆದದ್ದು ಮತ್ತೆ ತೆರೆಯೋಕೆ ದಾರಿ ಇಲ್ಲದೆ ಒದ್ದಾಡುವವರು ಬೇಕಾದಷ್ಟು ಜನ ಇದ್ದಾರೆ. ಡೆವಲಪರ್‌ನ ಟೇಬಲ್‌ನಲ್ಲಿ ಕ್ಲೋಸ್ಡ್ ಕಾಲಂ ಪೂರ್ತಿ ಖಾಲಿ ಮಾಡಿ. ಮೇಲ್ಗಡೆ ‘ನ್ಯೂ ಇಶ್ಯೂ’ ಅನ್ನುವ ಸಾಲು ಇರುತ್ತದೆ, ಅದರಲ್ಲೂ ನೋಡಿ, ಅಲ್ಲಿ ಟಿಕ್ ಇದ್ದರೆ ಹುಟ್ಟುವಾಗಲೇ ಕ್ಲೋಸ್ ಆದ ಟಿಕೆಟ್ ಮಾಡಬಹುದು!

ಈಗ ಜನ ಎಡವುವ ಜಾಗಗಳು. ಟೇಬಲ್ ಕೆಳಗೆ ಮಡಚಿಟ್ಟ ಎರಡು ಭಾಗ ಇವೆ: ಟಿಕೆಟ್ ಬರೆದವರೇ ಆಗಿದ್ದರೆ ಹೆಚ್ಚುವರಿ ದಾರಿ, ಟಿಕೆಟ್ ಅವರಿಗೇ ಅಸೈನ್ ಆಗಿದ್ದರೆ (ಅಂದರೆ ಅವರೇ ಅಸೈನಿ, ಕೆಲಸ ವಹಿಸಿಕೊಂಡವರು) ಹೆಚ್ಚುವರಿ ದಾರಿ. ಇವು ‘ಹೆಚ್ಚುವರಿ’, ಅಂದರೆ ಮೇಲಿನ ಟೇಬಲ್‌ನಲ್ಲಿ ಇಲ್ಲದ್ದನ್ನು ಕೂಡಿಸುತ್ತವೆ, ಕಳೆಯುವುದಿಲ್ಲ. ಮೇಲೆ ಎಲ್ಲಾ ತೆಗೆದು ಕೆಳಗೆ ಅಸೈನಿ ಭಾಗದಲ್ಲಿ ಒಂದು ಟಿಕ್ ಉಳಿದರೆ ಮುಗೀತು, ಬಗ್ ಸರಿ ಮಾಡುವವನೇ ಅಸೈನಿ ತಾನೇ. ಎರಡನ್ನೂ ಬಿಚ್ಚಿ ನೋಡಿ. ಇನ್ನೊಂದು, ಟ್ರ್ಯಾಕರ್ ಒಂದೊಂದಕ್ಕೂ ಬೇರೆ ಬೇರೆ ಟೇಬಲ್. ಬಗ್‌ಗೆ ಮಾಡಿ ಸಪೋರ್ಟ್‌ಗೆ ಮಾಡದಿದ್ದರೆ ಜನ ಟ್ರ್ಯಾಕರ್ ಬದಲಾಯಿಸಿ ಕ್ಲೋಸ್ ಮಾಡುತ್ತಾರೆ. ಮೂರೂ ಒಟ್ಟಿಗೆ ಆರಿಸಿಯೂ ಎಡಿಟ್ ಮಾಡಬಹುದು, ಆಗ ಒಂದರಲ್ಲಿ ಟಿಕ್ ಇದ್ದು ಇನ್ನೊಂದರಲ್ಲಿ ಇಲ್ಲದ ಮನೆಗಳಲ್ಲಿ ಟಿಕ್ ಬಾಕ್ಸ್ ಬದಲು ಪುಟ್ಟ ಡ್ರಾಪ್‌ಡೌನ್ ಕಾಣಿಸುತ್ತದೆ, ಅದರಲ್ಲಿ ‘ನೋ’ ಆರಿಸಿ.

ಮತ್ತೆ, ಅಡ್ಮಿನ್ ಅಕೌಂಟ್‌ನಿಂದ ಪರೀಕ್ಷೆ ಮಾಡಬೇಡಿ. ಅಡ್ಮಿನ್ ಆದವರಿಗೆ ರೆಡ್‌ಮೈನ್ ಎಲ್ಲಾ ರೋಲ್‌ಗಳ ದಾರಿಗಳನ್ನೂ ಕೊಡುತ್ತದೆ. ಎಷ್ಟು ಟಿಕ್ ತೆಗೆದರೂ ನಿಮಗೆ ಕ್ಲೋಸ್ಡ್ ಕಾಣುತ್ತಲೇ ಇರುತ್ತದೆ. ಡೆವಲಪರ್ ರೋಲ್ ಮಾತ್ರ ಇರುವ ಡಮ್ಮಿ ಯೂಸರ್ ಒಂದು ಮಾಡಿ ಅದರಿಂದ ಲಾಗಿನ್ ಆಗಿ ನೋಡಿ.

ಗುಡ್ಡದಮೇಲೆ

ಬಿಸಿಬೇಳೆ ಅವರೇ, ಕೈ ಮುಗಿದೆ. ನೀವು ಹೇಳಿದ ಹಾಗೇ ಇತ್ತು, ಡೆವಲಪರ್ ಟೇಬಲ್‌ನಲ್ಲಿ ಕ್ಲೋಸ್ಡ್‌ಗೆ ಟಿಕ್ ಮೇಲೆ ಟಿಕ್. ಎಲ್ಲಾ ತೆಗೆದೆ, ಮೂರೂ ಟ್ರ್ಯಾಕರ್‌ಗೆ. ಡಮ್ಮಿ ಯೂಸರ್‌ಗೆ ಕ್ಲೋಸ್ಡ್ ಕಾಣಿಸುತ್ತಿಲ್ಲ.

ಆದರೆ ನಮ್ಮ ಸೀನಿಯರ್ ಒಬ್ಬರಿಗೆ ಇನ್ನೂ ಕಾಣಿಸುತ್ತಿದೆ. ಅವರು ಅಡ್ಮಿನ್ ಅಲ್ಲ, ನೋಡಿದೆ. ಅವರ ಸ್ಕ್ರೀನ್ ಪಕ್ಕದಲ್ಲಿ ನಿಂತೇ ನೋಡಿದೆ, ಡ್ರಾಪ್‌ಡೌನ್‌ನಲ್ಲಿ ಆರಕ್ಕೆ ಆರೂ ಸ್ಟೇಟಸ್ ಕುಳಿತಿವೆ. ಕ್ಯಾಶ್ (ಉಳಿದುಕೊಂಡ ಹಳೆಯ ಪ್ರತಿ) ಏನಾದರೂ ಇರಬಹುದಾ?

ಕೆಂಪುಬಸ್ಸು

ಕ್ಯಾಶ್ ಅಲ್ಲ ಮಾರಾಯ್ರೆ. ಆ ಪ್ರಾಜೆಕ್ಟ್‌ನ ಸೆಟ್ಟಿಂಗ್ಸ್‌ನಲ್ಲಿ ಮೆಂಬರ್ಸ್ ಟ್ಯಾಬ್ ತೆಗೆಯಿರಿ, ಅವರ ಹೆಸರಿನ ಎದುರು ಎಷ್ಟು ರೋಲ್ ಇದೆ ನೋಡಿ. ಪಂತ ಕಟ್ಟುತ್ತೇನೆ, ಡೆವಲಪರ್ ಜೊತೆ ಮ್ಯಾನೇಜರೂ ಇರುತ್ತದೆ. ರೆಡ್‌ಮೈನ್‌ನಲ್ಲಿ ಒಬ್ಬರಿಗೆ ಎರಡು ರೋಲ್ ಇದ್ದರೆ ಎರಡರ ದಾರಿಗಳೂ ಕೂಡಿಕೊಳ್ಳುತ್ತವೆ. ಒಂದು ರೋಲ್ ಬೇಡ ಅಂದರೂ ಇನ್ನೊಂದು ಹೂಂ ಅಂದರೆ ಹೂಂ ಅಂತಲೇ ಲೆಕ್ಕ.

ನೇರವಾಗಿ ಕೊಟ್ಟಿರದಿದ್ದರೆ ಗ್ರೂಪ್‌ನಿಂದ ಬಂದಿರಬಹುದು, ಇಲ್ಲ ಮೇಲಿನ ಪ್ರಾಜೆಕ್ಟ್‌ನ ಮೆಂಬರ್‌ಗಳು ಕೆಳಗಿನ ಪ್ರಾಜೆಕ್ಟ್‌ಗೂ ಇಳಿಯುವ ಹಾಗೆ ಸೆಟ್ಟಿಂಗ್ ಇರಬಹುದು. ಹಾಗೆ ಬಂದ ರೋಲನ್ನು ಅದೇ ಪುಟದಲ್ಲಿ ತೆಗೆಯೋಕೆ ಆಗಲ್ಲ, ಬಂದ ಮೂಲಕ್ಕೇ ಹೋಗಿ ತೆಗೆಯಬೇಕು.

ಗುಡ್ಡದಮೇಲೆ

ಪಂತ ನೀವೇ ಗೆದ್ದಿರಿ. ‘ಲೀಡ್ಸ್’ ಅಂತ ಒಂದು ಗ್ರೂಪ್ ಇದೆ, ಅದಕ್ಕೆ ಮ್ಯಾನೇಜರ್ ರೋಲ್ ಕೊಟ್ಟಿದ್ದಾರೆ, ಇವರು ಅದರಲ್ಲಿದ್ದಾರೆ. ತೆಗೆಯೋಕೆ ಹೋದರೆ ಸೀನಿಯರ್ ಮುಖ ಗಂಟು ಹಾಕಿಕೊಳ್ಳುತ್ತಾರೆ, ಅದು ಬೇರೆ ಕಥೆ, ಅದನ್ನು ಮ್ಯಾನೇಜರ್‌ಗೆ ಬಿಟ್ಟಿದ್ದೇನೆ.

ಫುಲ್‌ಸ್ಟಾಕ್_ಗೌಡ

ಎಲ್ಲರೂ ಡೆವಲಪರ್‌ಗೆ ಬೀಗ ಹಾಕೋದು ಹೇಗೆ ಅಂತಲೇ ಮಾತಾಡುತ್ತಿದ್ದೀರಿ, ಡೆವಲಪರ್ ಕಡೆಯಿಂದ ಎರಡು ಮಾತು ಹೇಳಲಾ? ನಾವು ಯಾಕೆ ಕ್ಲೋಸ್ ಮಾಡುತ್ತೇವೆ ಗೊತ್ತಾ? ರಿಸಾಲ್ವ್ಡ್‌ಗೆ ಹಾಕಿದರೆ ಟಿಕೆಟ್ ನಮ್ಮ ಹೆಸರಿನಲ್ಲೇ ಕುಳಿತಿರುತ್ತದೆ. ಡ್ಯೂ ಡೇಟ್ ದಾಟುತ್ತದೆ. ಸೋಮವಾರದ ಮೀಟಿಂಗ್‌ನಲ್ಲಿ ‘ನಿಮ್ಮ ಹೆಸರಲ್ಲಿ ಇಷ್ಟು ಬಾಕಿ ಇದೆಯಲ್ಲ’ ಅಂತ ಕೇಳುತ್ತಾರೆ. ಟೆಸ್ಟಿಂಗ್‌ನವರು ಬೇರೆ ರಿಲೀಸ್‌ನಲ್ಲಿ ಬಿಜಿ. ನಮ್ಮ ಕೆಲಸ ಮುಗಿದರೂ ಮುಗಿದಿಲ್ಲ ಅಂತ ತೋರಿಸುವ ಟೂಲ್‌ನಲ್ಲಿ ಯಾರು ತಾನೇ ಸುಮ್ಮನೆ ಕೂರುತ್ತಾರೆ?

ಒಂಬತ್ತು ಡೆವಲಪರ್‌ಗೆ ಇಬ್ಬರು ಟೆಸ್ಟರ್ ಅಂತ ನೀವೇ ಬರೆದಿದ್ದೀರಿ. ಬೀಗ ಹಾಕಿ, ಬೇಡ ಅನ್ನಲ್ಲ. ಆದರೆ ರಿಸಾಲ್ವ್ಡ್ ಆದ ತಕ್ಷಣ ಅದು ಯಾರ ಹೆಸರಿಗೆ ಹೋಗಬೇಕು ಅನ್ನೋದನ್ನೂ ಜೊತೆಗೇ ತೀರ್ಮಾನ ಮಾಡಿ.

ಬಿಸಿಬೇಳೆ

ಗೌಡ್ರ ಮಾತು ಸರಿಯಾಗಿದೆ, ನಾನು ಮೇಲೆ ಅದನ್ನು ಹೇಳಲೇ ಇಲ್ಲ. ಸ್ಟೇಟಸ್ ಬದಲಾದ ಕೂಡಲೇ ಅಸೈನಿಯನ್ನು ತಾನೇ ಬದಲಾಯಿಸುವ ಸೌಲಭ್ಯ ರೆಡ್‌ಮೈನ್‌ನಲ್ಲಿ ಹುಟ್ಟಿನಿಂದ ಇಲ್ಲ, ಅದಕ್ಕೆ ಪ್ಲಗಿನ್ನೇ ಬೇಕು. ಕೈಯಲ್ಲೇ ಬದಲಾಯಿಸುವ ಅಭ್ಯಾಸ ಮಾಡಿಸಬೇಕು. ‘ಟೆಸ್ಟಿಂಗ್’ ಅಂತ ಗ್ರೂಪ್ ಮಾಡಿ, ಗ್ರೂಪ್‌ಗೇ ಅಸೈನ್ ಮಾಡುವ ಆಯ್ಕೆಯನ್ನು ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿದರೆ ಡೆವಲಪರ್ ಇಬ್ಬರಲ್ಲಿ ಯಾರು ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ. ಮೀಟಿಂಗ್‌ನಲ್ಲಿ ತೋರಿಸುವ ಪಟ್ಟಿಯನ್ನೂ ಬದಲಾಯಿಸಿ: ‘ಡೆವಲಪರ್ ಬಾಕಿ’ ಅಂದರೆ ನ್ಯೂ, ಇನ್ ಪ್ರೋಗ್ರೆಸ್, ಫೀಡ್‌ಬ್ಯಾಕ್ ಮಾತ್ರ. ‘ಟೆಸ್ಟಿಂಗ್ ಬಾಕಿ’ ಅಂದರೆ ರಿಸಾಲ್ವ್ಡ್. ಎರಡನ್ನೂ ಕ್ವೆರಿ (ಸೋಸಿದ ಪಟ್ಟಿ) ಮಾಡಿ ಸೇವ್ ಮಾಡಿ ಎಲ್ಲರಿಗೂ ಕಾಣುವ ಹಾಗೆ ಇಟ್ಟರೆ ಸೋಮವಾರದ ಜಗಳ ಅರ್ಧ ಕಮ್ಮಿ ಆಗುತ್ತದೆ.

ಜೆಪಿನಗರ_ಕಾಫಿ

ನಮ್ಮಲ್ಲಿ ಜಿರಾ (ರೆಡ್‌ಮೈನ್‌ನಂಥದ್ದೇ ಇನ್ನೊಂದು ಟೂಲ್), ನಮ್ಮದೇ ಸರ್ವರ್‌ನಲ್ಲಿ ಓಡಿಸುವ ಡೇಟಾ ಸೆಂಟರ್ ಆವೃತ್ತಿ. ರೆಡ್‌ಮೈನ್ ಪ್ರಶ್ನೆ ಅಂತ ಗೊತ್ತು, ಆದರೂ ಹುಡುಕಿಕೊಂಡು ಇಲ್ಲಿಗೆ ಬರುವ ಜಿರಾದವರಿಗಾಗಿ ಬರೆದಿಡುತ್ತೇನೆ, ಯಾಕೆಂದರೆ ರೋಗ ಅದೇ, ಔಷಧಿ ಸ್ವಲ್ಪ ಬೇರೆ.

ಜಿರಾದಲ್ಲಿ ಪರ್ಮಿಷನ್ ಸ್ಕೀಮ್‌ನಲ್ಲಿ ‘ಟ್ರಾನ್ಸಿಷನ್ ಇಶ್ಯೂಸ್’ ಅಂತ ಒಂದಿದೆ. ಅದನ್ನು ತೆಗೆದರೆ ಎಲ್ಲಾ ಚಲನೆಯೂ ನಿಂತುಹೋಗುತ್ತದೆ, ಇಲ್ಲಿನ ಮ್ಯಾನೇಜರ್ ಎಡಿಟ್ ತೆಗೆಸಿದ ಹಾಗೇ ಆಗುತ್ತದೆ. ನಿಮಗೆ ಬೇಕಿರೋದು ವರ್ಕ್‌ಫ್ಲೋ ಒಳಗೆ, ಕ್ಲೋಸ್ಡ್ ಕಡೆ ಹೋಗುವ ಆ ಒಂದು ಬಾಣದ (ಅಂದರೆ ದಾರಿಯ) ಮೇಲೆ ‘ಕಂಡಿಷನ್’ ಹಾಕೋದು. ‘ಯೂಸರ್ ಈಸ್ ಇನ್ ಪ್ರಾಜೆಕ್ಟ್ ರೋಲ್’ ಆರಿಸಿ ಟೆಸ್ಟರ್ ರೋಲ್ ಕೊಟ್ಟರೆ ಮಿಕ್ಕವರಿಗೆ ಆ ಬಟನ್ ಕಾಣಲ್ಲ. ಗ್ರೂಪ್ ಹೆಸರು ಹಾಕುವ ಕಂಡಿಷನ್ನೂ ಇದೆ, ಆದರೆ ಒಂದೇ ವರ್ಕ್‌ಫ್ಲೋ ಹತ್ತು ಪ್ರಾಜೆಕ್ಟ್ ಬಳಸುತ್ತಿದ್ದರೆ ರೋಲ್ ವಾಸಿ, ಪ್ರತಿ ಪ್ರಾಜೆಕ್ಟ್‌ನಲ್ಲೂ ಆ ರೋಲ್‌ಗೆ ಬೇರೆ ಜನ ಇರಬಹುದು. ಕಂಡಿಷನ್ ಜೊತೆ ‘ವ್ಯಾಲಿಡೇಟರ್’ ಅಂತಲೂ ಇದೆ, ಕಲಸಿಕೊಳ್ಳಬೇಡಿ. ಕಂಡಿಷನ್ ಬಟನ್ನೇ ಅಡಗಿಸುತ್ತದೆ. ವ್ಯಾಲಿಡೇಟರ್ ಇದ್ದರೆ ಬಟನ್ ಒತ್ತಿದ ಮೇಲೆ, ಇಂಥ ಫೀಲ್ಡ್ ತುಂಬಿಲ್ಲ ಅಂತ ಬೈದು ವಾಪಸ್ ಕಳಿಸುತ್ತದೆ.

ಜಿರಾದವರು ಬೀಳುವ ದೊಡ್ಡ ಹಳ್ಳ ಅಂದರೆ ‘ಆಲ್’ ಅಂತ ಬರೆದಿರುವ ಗ್ಲೋಬಲ್ ಟ್ರಾನ್ಸಿಷನ್. ಬೋರ್ಡ್ ಜೊತೆ ಬರುವ ಸಿಂಪ್ಲಿಫೈಡ್ ವರ್ಕ್‌ಫ್ಲೋದಲ್ಲಿ ಪ್ರತಿ ಸ್ಟೇಟಸ್‌ಗೂ ಎಲ್ಲಿಂದ ಬೇಕಾದರೂ ನುಗ್ಗಬಹುದು. ನೀವು ರಿಸಾಲ್ವ್ಡ್‌ನಿಂದ ಕ್ಲೋಸ್ಡ್‌ಗೆ ಚಂದವಾಗಿ ಬಾಣ ಎಳೆದು ಕಂಡಿಷನ್ ಹಾಕಿದ್ದೀರಿ, ಪಕ್ಕದಲ್ಲೇ ‘ಆಲ್’ ನಿಂದ ಕ್ಲೋಸ್ಡ್‌ಗೆ ಇನ್ನೊಂದು ದಾರಿ ಕಂಡಿಷನ್ ಇಲ್ಲದೆ ಬಿದ್ದಿದೆ. ಮುಂದಿನ ಬಾಗಿಲಿಗೆ ಬೀಗ, ಹಿತ್ತಲ ಬಾಗಿಲು ತೆರೆದೇ ಇದೆ. ಒಂದೋ ಆ ಗ್ಲೋಬಲ್ ದಾರಿ ತೆಗೆಯಿರಿ, ಇಲ್ಲ ಅದಕ್ಕೂ ಅದೇ ಕಂಡಿಷನ್ ಹಾಕಿ. ಒಂದು ಸ್ಟೇಟಸ್‌ಗೆ ಎಷ್ಟು ಬಾಣ ಬರುತ್ತವೋ ಅಷ್ಟಕ್ಕೂ ಹಾಕಬೇಕು.

ರೆಡ್‌ಮೈನ್‌ಗಿಂತ ಒಂದು ವ್ಯತ್ಯಾಸ: ಜಿರಾದಲ್ಲಿ ಅಡ್ಮಿನ್‌ಗೆ ವಿಶೇಷ ರಿಯಾಯಿತಿ ಇಲ್ಲ. ಅಡ್ಮಿನ್ ಆ ರೋಲ್‌ನಲ್ಲಿ ಇಲ್ಲದಿದ್ದರೆ ಅವರಿಗೂ ಬಟನ್ ಇಲ್ಲ. ಬಟನ್ ಮಾಯ ಆಯ್ತು ಅಂತ ಅಡ್ಮಿನ್ನೇ ಟಿಕೆಟ್ ಹಾಕಿದ್ದು ನೋಡಿ ನಕ್ಕಿದ್ದೇವೆ. ಮತ್ತೆ, ಆಕ್ಟಿವ್ ವರ್ಕ್‌ಫ್ಲೋ ತಿದ್ದಿದರೆ ಅದು ಡ್ರಾಫ್ಟ್ ಆಗಿ ಇರುತ್ತದೆ, ಪಬ್ಲಿಷ್ ಕೊಡುವವರೆಗೂ ಏನೂ ಬದಲಾಗಲ್ಲ. ಆ ವರ್ಕ್‌ಫ್ಲೋವನ್ನು ಇನ್ಯಾವ ಪ್ರಾಜೆಕ್ಟ್‌ಗಳು ಬಳಸುತ್ತಿವೆ ಅಂತ ಪಬ್ಲಿಷ್ ಮಾಡುವ ಮೊದಲೇ ನೋಡಿಕೊಳ್ಳಿ, ಇಲ್ಲದಿದ್ದರೆ ಪಕ್ಕದ ಟೀಮ್‌ನವರು ಹುಡುಕಿಕೊಂಡು ಬರುತ್ತಾರೆ.

ಬೆಂಚಲ್ಲಿದ್ದೀನಿ

ನನ್ನದು ಸ್ವಲ್ಪ ಉಲ್ಟಾ ಅಭಿಪ್ರಾಯ, ಬೈಬೇಡಿ. ಬೀಗ ಜಾಸ್ತಿ ಆದಷ್ಟೂ ಕೆಲಸ ಸ್ಟೇಟಸ್ ಹೊರಗೆ ನಡೆಯೋಕೆ ಶುರುವಾಗುತ್ತದೆ. ನನ್ನ ಹಿಂದಿನ ಕಂಪನಿಯಲ್ಲಿ ಕ್ಲೋಸ್ ಮಾಡುವ ಹಕ್ಕು ಒಬ್ಬೇ ಒಬ್ಬ ಲೀಡ್ ಕೈಯಲ್ಲಿತ್ತು. ಅವರು ತಂಗಿ ಮದುವೆ ಅಂತ ರಜೆ ಹಾಕಿ ಊರಿಗೆ ಹೋದರು. ರಿಲೀಸ್ ಹತ್ತಿರ ಬಂತು, ‘ಓಪನ್ ಟಿಕೆಟ್ ಇದ್ದರೆ ರಿಲೀಸ್ ಇಲ್ಲ’ ಅಂತ ಇನ್ನೊಂದು ನಿಯಮ. ಕೊನೆಗೆ ಏನಾಯಿತು ಅಂದರೆ, ಅವರಿಗೆ ಫೋನ್ ಮಾಡಿ ಪಾಸ್‌ವರ್ಡ್ ಇಸಕೊಂಡು ಅವರ ಹೆಸರಿನಲ್ಲಿ ಬೇರೆಯವರು ಕ್ಲೋಸ್ ಮಾಡಿದರು. ಆಮೇಲೆ ಅದೇ ಅಭ್ಯಾಸವಾಗಿ ಆ ಪಾಸ್‌ವರ್ಡ್ ಇಡೀ ಟೀಮ್‌ಗೆ ಗೊತ್ತಿತ್ತು. ಹಿಸ್ಟರಿ ನೋಡಿದರೆ ಎಲ್ಲವನ್ನೂ ಅವರೇ ನೋಡಿ ಒಪ್ಪಿದ ಹಾಗೆ ಕಾಣುತ್ತದೆ. ಬೀಗ ಇಲ್ಲದೆ ಯಾರು ಕ್ಲೋಸ್ ಮಾಡಿದರು ಅಂತ ನಿಜ ಹೆಸರಾದರೂ ಇರುತ್ತಿತ್ತು ಅಲ್ವಾ?

ಟ್ರೆಲ್ಲೋದಲ್ಲಿ (ಕೆಲಸಗಳನ್ನು ಬೋರ್ಡ್ ಮೇಲೆ ಕಾರ್ಡ್‌ಗಳಾಗಿ ಇಡುವ ಟೂಲ್) ನೋಡಿ, ಬೋರ್ಡ್ ಮೆಂಬರ್ ಆದವರು ಯಾವ ಲಿಸ್ಟ್‌ಗೆ ಬೇಕಾದರೂ ಕಾರ್ಡ್ ಎಳೆಯಬಹುದು. ಅದರಲ್ಲೇ ಎಷ್ಟೋ ಟೀಮ್‌ಗಳು ಶಿಸ್ತಾಗಿ ನಡೆಯುತ್ತಿವೆ.

ಜೆಪಿನಗರ_ಕಾಫಿ

ಅದು ಬೀಗದ ತಪ್ಪಲ್ಲ, ಕೀ ಒಬ್ಬರ ಹತ್ತಿರ ಮಾತ್ರ ಇಟ್ಟಿದ್ದು ತಪ್ಪು. ಹಕ್ಕನ್ನು ವ್ಯಕ್ತಿಗೆ ಕೊಡಬಾರದು, ರೋಲ್‌ಗೆ ಕೊಡಬೇಕು, ಆ ರೋಲ್‌ನಲ್ಲಿ ಕನಿಷ್ಠ ಇಬ್ಬರು ಇರಬೇಕು. ಇನ್ನು ಟ್ರೆಲ್ಲೋ ಮಾತು ಒಪ್ಪಲ್ಲ. ನಾಲ್ಕು ಜನರ ಟೀಮ್‌ಗೆ ಸರಿ. ಕ್ಲೈಂಟ್ ಕಡೆಯವರೂ ಅದೇ ಬೋರ್ಡ್‌ನಲ್ಲಿದ್ದರೆ ಆಗ ನೋಡಬೇಕು ತಮಾಷೆ.

ಬಿಸಿಬೇಳೆ

ಬೆಂಚಲ್ಲಿದ್ದೀನಿ ಅವರ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. ಎಲ್ಲಾ ಬಾಣಕ್ಕೂ ಬೀಗ ಬೇಡ. ನ್ಯೂ, ಇನ್ ಪ್ರೋಗ್ರೆಸ್, ಫೀಡ್‌ಬ್ಯಾಕ್ ನಡುವೆ ಯಾರು ಬೇಕಾದರೂ ಓಡಾಡಲಿ, ಅದರಿಂದ ಯಾರಿಗೂ ನಷ್ಟ ಇಲ್ಲ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ನೋಡಿದರು ಅಂತ ಹೇಳುವ ಒಂದೇ ಒಂದು ಹೆಜ್ಜೆ ಇದೆ, ರಿಸಾಲ್ವ್ಡ್‌ನಿಂದ ಕ್ಲೋಸ್ಡ್. ಕಾವಲು ಅಲ್ಲಿ ಸಾಕು.

ಗುಡ್ಡದಮೇಲೆ

ಮತ್ತೆ ಬಂದೆ. ಸೀನಿಯರ್ ವಿಷಯ ಇತ್ಯರ್ಥ ಆಯಿತು, ಲೀಡ್ಸ್ ಗ್ರೂಪ್‌ಗೆ ಬೇರೆ ರೋಲ್ ಮಾಡಿದೆವು. ರಿಸಾಲ್ವ್ಡ್ ಪಟ್ಟಿ ಉದ್ದ ಆಗಿದೆ, ಗೌಡ್ರು ಹೇಳಿದ್ದು ನಿಜ, ನಮ್ಮಿಬ್ಬರಿಗೆ ಕೈ ತುಂಬಾ ಕೆಲಸ.

ಆದರೆ ಈಗ ದೆವ್ವದ ಕಾಟ ಶುರುವಾಗಿದೆ. ಕೆಲವು ಬಗ್‌ಗಳು ಈಗಲೂ ಕ್ಲೋಸ್ಡ್ ಆಗುತ್ತಿವೆ, ಅದೂ ಡೆವಲಪರ್ ಹೆಸರಿನಲ್ಲೇ. ಅವರಿಗೆ ಡೆವಲಪರ್ ರೋಲ್ ಬಿಟ್ಟು ಬೇರೇನೂ ಇಲ್ಲ, ಗ್ರೂಪೂ ಇಲ್ಲ. ಡ್ರಾಪ್‌ಡೌನ್‌ನಲ್ಲಿ ಕ್ಲೋಸ್ಡ್ ಕಾಣಲ್ಲ, ನಾನೇ ನೋಡಿದ್ದೇನೆ. ಅವರೂ ‘ನಾನು ಟಿಕೆಟ್ ತೆರೆದೇ ಇಲ್ಲ’ ಅಂತ ಆಣೆ ಮಾಡುತ್ತಿದ್ದಾರೆ. ಒಂದು ಟಿಕೆಟ್ ರಿಸಾಲ್ವ್ಡ್ ಕೂಡ ಆಗದೆ ಇನ್ ಪ್ರೋಗ್ರೆಸ್‌ನಿಂದ ನೇರವಾಗಿ ಕ್ಲೋಸ್ಡ್‌ಗೆ ಹೋಗಿದೆ, ಶೇಕಡಾ 100 ಮುಗಿದಿದೆ ಅಂತ ಬೇರೆ ತೋರಿಸುತ್ತಿದೆ.

ಕೆಂಪುಬಸ್ಸು

ಆ ಟಿಕೆಟ್‌ನ ಹಿಸ್ಟರಿಯಲ್ಲಿ ಸ್ಟೇಟಸ್ ಬದಲಾದ ಕಡೆ ಏನಾದರೂ ನೋಟ್ ಇದೆಯಾ? ಇದ್ದ ಹಾಗೇ ಹಾಕಿ.

ಗುಡ್ಡದಮೇಲೆ

‘ಅಪ್ಲೈಡ್ ಇನ್ ಚೇಂಜ್‌ಸೆಟ್’ ಅಂತ ಇದೆ, ಮುಂದೆ ಉದ್ದ ನಂಬರ್.

ಕೆಂಪುಬಸ್ಸು

ಸಿಕ್ಕಿತು ದೆವ್ವ. ನಿಮ್ಮ ರೆಡ್‌ಮೈನ್‌ಗೆ ಗಿಟ್ ರೆಪಾಸಿಟರಿ (ಕೋಡ್ ಮತ್ತು ಅದರ ಬದಲಾವಣೆಗಳನ್ನು ಇಡುವ ಜಾಗ) ಜೋಡಿಸಿದ್ದಾರೆ. ಅಡ್ಮಿನಿಸ್ಟ್ರೇಷನ್, ಸೆಟ್ಟಿಂಗ್ಸ್, ಅದರಲ್ಲಿ ‘ರೆಪಾಸಿಟರೀಸ್’ ಟ್ಯಾಬ್‌ಗೆ ಹೋಗಿ ಕೆಳಗೆ ಇಳಿಯಿರಿ. ಕಮಿಟ್ ಮೆಸೇಜ್‌ನಲ್ಲಿ (ಕೋಡ್ ಬದಲಾವಣೆ ಸೇರಿಸುವಾಗ ಬರೆಯುವ ಟಿಪ್ಪಣಿ) ಇಂಥ ಪದ ಬಂದರೆ ಟಿಕೆಟ್‌ಗೆ ಇಂಥ ಸ್ಟೇಟಸ್ ಹಾಕು, ಇಷ್ಟು ಶೇಕಡಾ ಮುಗಿದಿದೆ ಅಂತ ಹಾಕು ಅನ್ನುವ ಸಾಲುಗಳಿರುತ್ತವೆ. ನಿಮ್ಮಲ್ಲಿ ‘ಫಿಕ್ಸಸ್’ ಅಥವಾ ‘ಕ್ಲೋಸಸ್’ ಎದುರು ಕ್ಲೋಸ್ಡ್, 100 ಅಂತ ಇರುತ್ತದೆ ನೋಡಿ. ಹುಡುಗರು ಅಭ್ಯಾಸ ಬಲದಿಂದ ‘ಫಿಕ್ಸಸ್ #1432’ ಅಂತ ಕಮಿಟ್ ಮೆಸೇಜ್ ಬರೆಯುತ್ತಾರೆ. ರೆಡ್‌ಮೈನ್ ಆ ಕಮಿಟ್ ಓದಿದ ತಕ್ಷಣ ಸ್ಟೇಟಸ್ ಬದಲಾಯಿಸುತ್ತದೆ. ಈ ದಾರಿಯಲ್ಲಿ ವರ್ಕ್‌ಫ್ಲೋ ಟೇಬಲ್ ನೋಡುವುದೇ ಇಲ್ಲ, ರೋಲೂ ಇಲ್ಲ, ಟಿಕ್ಕೂ ಇಲ್ಲ. ಕಮಿಟ್ ಮಾಡಿದವರ ಹೆಸರು ಯಾವ ಯೂಸರ್‌ಗೆ ಹೊಂದುತ್ತದೋ ಅವರ ಹೆಸರಿನಲ್ಲಿ ಬದಲಾವಣೆ ಬೀಳುತ್ತದೆ. ಅದಕ್ಕೇ ಅವರು ಆಣೆ ಮಾಡಿದ್ದು ಸುಳ್ಳಲ್ಲ.

ಆ ಸಾಲು ಅಳಿಸಬೇಡಿ, ಉಪಯೋಗದ್ದೇ. ಕ್ಲೋಸ್ಡ್ ಇದ್ದ ಕಡೆ ರಿಸಾಲ್ವ್ಡ್ ಅಂತ ಮಾಡಿ. ಆಗ ಡೆವಲಪರ್ ಕಮಿಟ್ ಮಾಡಿದರೆ ಸಾಕು, ಟಿಕೆಟ್ ತಾನೇ ಟೆಸ್ಟಿಂಗ್ ಪಟ್ಟಿಗೆ ಬಂದು ಬೀಳುತ್ತದೆ. ಅವರಿಗೂ ಒಂದು ಕ್ಲಿಕ್ ಉಳಿಯಿತು.

ಫುಲ್‌ಸ್ಟಾಕ್_ಗೌಡ

ನೋಡಿದಿರಾ, ಡೆವಲಪರ್ ಮೇಲೆ ಸುಮ್ನೆ ಅನುಮಾನ ಪಟ್ಟಿರಿ.

ಗುಡ್ಡದಮೇಲೆ

ಹೌದು ಗೌಡ್ರೆ, ಆ ಹುಡುಗನಿಗೆ ಒಂದು ಮಸಾಲೆ ದೋಸೆ ಬಾಕಿ ಇದೆ.

ಕ್ಲೋಸ್ಡ್ ತೆಗೆದು ರಿಸಾಲ್ವ್ಡ್ ಮಾಡಿದೆ. ಬಂದ ಮೂರು ಕಮಿಟ್‌ಗೂ ಸರಿಯಾಗಿ ರಿಸಾಲ್ವ್ಡ್‌ನಲ್ಲಿ ನಿಂತಿವೆ. ಶೇಕಡಾವಾರು 100 ಅಂತಲೇ ಬಿಟ್ಟಿದ್ದೇನೆ.

ಇನ್ನೊಂದು ಪ್ರಶ್ನೆ. ನಾವಿಬ್ಬರಲ್ಲಿ ಒಬ್ಬರು ಕೆಲವು ಸಣ್ಣ ಬಗ್‌ಗಳನ್ನು ತಾವೇ ಸರಿ ಮಾಡುತ್ತಾರೆ, ಅವರಿಗೆ ಡೆವಲಪರ್, ಟೆಸ್ಟರ್ ಎರಡೂ ರೋಲ್ ಇದೆ. ಅವರು ತಾವು ಮಾಡಿದ್ದನ್ನು ತಾವೇ ಕ್ಲೋಸ್ ಮಾಡದ ಹಾಗೆ ಮಾಡಬಹುದಾ?

ಬಿಸಿಬೇಳೆ

ಟೇಬಲ್‌ನಿಂದ ಆಗಲ್ಲ. ರೋಲ್ ಯಾವುದು ಅಂತ ನೋಡುತ್ತದೆ, ಹಿಂದಿನ ಹೆಜ್ಜೆ ಯಾರು ಇಟ್ಟರು ಅಂತ ನೋಡಲ್ಲ. ಜಿರಾ ಕ್ಲೌಡ್‌ನಲ್ಲಿ ಅದಕ್ಕೆಂದೇ ‘ಸೆಪರೇಷನ್ ಆಫ್ ಡ್ಯೂಟೀಸ್’ ಅನ್ನುವ ಕಂಡಿಷನ್ ಇದೆ. ರೆಡ್‌ಮೈನ್‌ನಲ್ಲಿ ಅಂಥದ್ದಿಲ್ಲ.

ಹತ್ತಿರ ಹತ್ತಿರ ಹೋಗುವ ಉಪಾಯ ಒಂದಿದೆ. ‘ಪರೀಕ್ಷಿಸಿದವರು’ ಅಂತ ಕಸ್ಟಮ್ ಫೀಲ್ಡ್ ಮಾಡಿ, ಅದರ ಫಾರ್ಮ್ಯಾಟ್ ‘ಯೂಸರ್’ ಆಗಿರಲಿ, ಟೆಸ್ಟರ್ ರೋಲ್‌ನವರ ಹೆಸರು ಮಾತ್ರ ಬರುವ ಹಾಗೆ ಆರಿಸಿ. ಆಮೇಲೆ ಅದೇ ವರ್ಕ್‌ಫ್ಲೋ ಪುಟದಲ್ಲಿ ‘ಫೀಲ್ಡ್ಸ್ ಪರ್ಮಿಷನ್ಸ್’ ಅನ್ನುವ ಎರಡನೇ ಟ್ಯಾಬ್ ಇದೆ, ಅಲ್ಲಿ ಕ್ಲೋಸ್ಡ್ ಸ್ಟೇಟಸ್ ಕೆಳಗೆ ಈ ಫೀಲ್ಡ್‌ಗೆ ‘ರಿಕ್ವೈರ್ಡ್’ ಕೊಡಿ. ಕ್ಲೋಸ್ ಮಾಡಬೇಕಾದರೆ ಹೆಸರು ತುಂಬಲೇಬೇಕು. ತಮ್ಮದೇ ಹೆಸರು ತುಂಬೋದನ್ನು ಇದು ತಡೆಯಲ್ಲ, ಆದರೆ ಅಸೈನಿ ಮತ್ತು ಪರೀಕ್ಷಿಸಿದವರು ಎರಡೂ ಕಾಲಂ ಪಟ್ಟಿಯಲ್ಲಿ ಅಕ್ಕಪಕ್ಕ ಇಟ್ಟರೆ ಒಂದೇ ಹೆಸರು ಎರಡು ಸಲ ಬಂದದ್ದು ಕಣ್ಣಿಗೆ ಹೊಡೆಯುತ್ತದೆ.

ಒಂದು ಎಚ್ಚರಿಕೆ. ಫೀಲ್ಡ್ ನಿಯಮ ದಾರಿಗಳ ಹಾಗಲ್ಲ. ಎರಡು ರೋಲ್ ಇರುವವರಿಗೆ ಒಂದು ರೋಲ್‌ನಲ್ಲಿ ‘ರಿಕ್ವೈರ್ಡ್’ ಇದ್ದು ಇನ್ನೊಂದರಲ್ಲಿ ಏನೂ ಇಲ್ಲದಿದ್ದರೆ ನಿಯಮ ಅನ್ವಯ ಆಗಲ್ಲ. ಅವರಿಗೆ ಎರಡು ರೋಲ್ ಇದೆ ಅಂದಿರಿ, ಹಾಗಾಗಿ ಎರಡರಲ್ಲೂ ಹಾಕಿ.

ಟರ್ಮಿನಲ್_ತಾತ

ಒಂದು ಸೇರಿಸುತ್ತೇನೆ. ನೀವು ಯಾರಾದರೂ ಸ್ಕ್ರಿಪ್ಟ್‌ನಿಂದ, ಅಂದರೆ ಎಪಿಐ (ಪ್ರೋಗ್ರಾಂಗಳು ರೆಡ್‌ಮೈನ್ ಜೊತೆ ಮಾತಾಡುವ ದಾರಿ) ಮೂಲಕ ಟಿಕೆಟ್ ಕ್ಲೋಸ್ ಮಾಡಿಸುತ್ತಿದ್ದರೆ ಈ ಬದಲಾವಣೆ ಆದ ಮೇಲೆ ಒಮ್ಮೆ ಪರೀಕ್ಷಿಸಿ. ಎಪಿಐ ವರ್ಕ್‌ಫ್ಲೋ ಟೇಬಲ್ ಪಾಲಿಸುತ್ತದೆ, ಅದು ಒಳ್ಳೆಯದೇ. ಆದರೆ ಆ ಯೂಸರ್‌ಗೆ ದಾರಿ ಇಲ್ಲದ ಸ್ಟೇಟಸ್ ಕಳಿಸಿದರೆ ಎರರ್ ಕೊಡಲ್ಲ. ಎಲ್ಲಾ ಸರಿ ಹೋಯಿತು ಅನ್ನುವ ಉತ್ತರವೇ ಬರುತ್ತದೆ, ಸ್ಟೇಟಸ್ ಮಾತ್ರ ಇದ್ದಲ್ಲೇ ಇರುತ್ತದೆ. ಸ್ಕ್ರಿಪ್ಟ್ ಬರೆದವರು ಉತ್ತರದ ಕೋಡ್ ನೋಡಿ ಕ್ಲೋಸ್ ಆಯಿತು ಅಂದುಕೊಂಡಿರುತ್ತಾರೆ. ಕಳಿಸಿದ ಮೇಲೆ ಟಿಕೆಟ್ ಮತ್ತೆ ಓದಿ ಸ್ಟೇಟಸ್ ತಾಳೆ ನೋಡುವ ಒಂದು ಸಾಲು ಸೇರಿಸಲು ಹೇಳಿ.

ಗುಡ್ಡದಮೇಲೆ

ತಾತ, ನಮ್ಮಲ್ಲಿ ರಾತ್ರಿ ಬಿಲ್ಡ್ (ಕೋಡ್‌ನಿಂದ ಪ್ರೋಗ್ರಾಂ ತಯಾರಿಸೋದು) ಆದ ಮೇಲೆ ಓಡುವ ಅಂಥದ್ದೊಂದು ಸ್ಕ್ರಿಪ್ಟ್ ಇದೆ! ಅದು ಯಾವ ಯೂಸರ್ ಹೆಸರಿನಲ್ಲಿ ಓಡುತ್ತದೆ ಅಂತ ಈಗ ನೋಡಿದೆ: ಅಡ್ಮಿನ್. ಅದಕ್ಕೆ ಬೇರೆ ಯೂಸರ್ ಮಾಡಿ ಡೆವಲಪರ್ ರೋಲ್ ಮಾತ್ರ ಕೊಟ್ಟು, ಸ್ಕ್ರಿಪ್ಟ್‌ನಲ್ಲಿ ಕ್ಲೋಸ್ಡ್ ಇದ್ದದ್ದನ್ನೂ ರಿಸಾಲ್ವ್ಡ್ ಮಾಡಿಸುತ್ತೇನೆ.